ಮೊಟ್ಟೆಯಲ್ಲಿ ಅಡಗಿರುವ ಬೆಲೆ: ರೇಷ್ಮೆ ಹುಳುವಿನ ಬೆಳವಣಿಗೆಯ ಉತ್ಪರಿವರ್ತನೆಗಳು ಮತ್ತು ವ್ಯಾಪಾರಕ್ಕೆ ಅವುಗಳ ಪಾಠ

ಹುಬ್ಬಳ್ಳಿ-ಧಾರವಾಡದ ಜವಳಿ ಪೇಟೆಗೂ ರೇಷ್ಮೆಗೂ ಇರುವ ನಂಟು ಹಳೆಯದು. ಇಳಕಲ್ಲಿನ ಸೀರೆಯ ಸೆರಗು, ಗುಳೇದಗುಡ್ಡದ ಖಣ, ಗದಗ-ಬೆಟಗೇರಿಯ ಮಗ್ಗಗಳ ಉತ್ಪನ್ನ ಇವೆಲ್ಲಕ್ಕೂ ಅವಳಿ ನಗರವು ಪ್ರಮುಖ ಮಾರುಕಟ್ಟೆಯಾಗಿದೆ. ನೂಲಿನ ವ್ಯಾಪಾರಿಯು ನೂಲಿನ ಹೊಳಪು, ಡೆನಿಯರ್ ಹಾಗೂ ಸಮತೆಯನ್ನು ನೋಡಿ ದರ ಕಟ್ಟುತ್ತಾನೆ. ನೂಲು ಬಿಚ್ಚುವವನು ಗೂಡಿನ ಗಟ್ಟಿತನ ಮತ್ತು ಏಕರೂಪತೆಯನ್ನು ನೋಡುತ್ತಾನೆ. ಆದರೆ ಈ ಗುಣಗಳಲ್ಲಿ ಬಹುಪಾಲು ನಿರ್ಧಾರವಾಗುವುದು ಮಗ್ಗದಲ್ಲಾಗಲಿ, ನೂಲು ಬಿಚ್ಚುವ ಘಟಕದಲ್ಲಾಗಲಿ ಅಲ್ಲ; ರಾಗಿ ಕಾಳಿಗಿಂತಲೂ ಚಿಕ್ಕದಾದ ರೇಷ್ಮೆ ಮೊಟ್ಟೆಯೊಳಗೆ.

ಮೊಟ್ಟೆಯೊಳಗಿನ ಆನುವಂಶಿಕ ಸೂಚನೆಗಳಲ್ಲಿ ಒಂದು ತಪ್ಪಿದರೂ ಹುಳುವಿನ ಕಾಲುಗಳ ಸಂಖ್ಯೆ ಬದಲಾಗಬಹುದು, ಜ್ವರಗಳ ಲೆಕ್ಕ ತಪ್ಪಬಹುದು, ಅಥವಾ ಹುಳು ಹಣ್ಣಾದರೂ ಗೂಡು ಕಟ್ಟದೆ ಉಳಿಯಬಹುದು. ಇಂತಹ ಬದಲಾವಣೆಗಳನ್ನು ಬೆಳವಣಿಗೆಯ ಉತ್ಪರಿವರ್ತನೆಗಳು ಎನ್ನುತ್ತಾರೆ. ಇವು ಕೇವಲ ಪ್ರಯೋಗಾಲಯದ ಕುತೂಹಲವಲ್ಲ. ಬಿತ್ತನೆ ಮೊಟ್ಟೆಯನ್ನು ಪ್ರತಿ ಬೆಳೆಗೂ ಹೊಸದಾಗಿ ಏಕೆ ಕೊಳ್ಳಬೇಕು, ಒಂದು ಬೆಳೆ ಕೆಟ್ಟಾಗ ದೋಷ ಮೊಟ್ಟೆಯದೋ ಸೊಪ್ಪಿನದೋ ಎಂದು ಹೇಗೆ ತಿಳಿಯಬೇಕು ಎಂಬ ವ್ಯಾವಹಾರಿಕ ಪ್ರಶ್ನೆಗಳಿಗೆ ಉತ್ತರವೂ ಇವುಗಳ ಅಧ್ಯಯನದಲ್ಲಿದೆ.

ಹುಳುವಿನ ಬೆಳವಣಿಗೆಯ ಕ್ರಮ

ಮೊಟ್ಟೆಯಿಂದ ಹೊರಬಂದ ಹುಳು ಸುಮಾರು 25 ದಿನಗಳಲ್ಲಿ ತನ್ನ ತೂಕವನ್ನು ಹತ್ತು ಸಾವಿರ ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಚರ್ಮ ಅಷ್ಟು ಹಿಗ್ಗಲಾರದು. ಆದ್ದರಿಂದ ಅದು ನಾಲ್ಕು ಬಾರಿ ಪೊರೆ ಬಿಡುತ್ತದೆ. ಇದನ್ನೇ ನಮ್ಮ ರೈತರು ಜ್ವರ ಎಂದು ಕರೆಯುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳು ಐದನೆಯ ಹಂತದಲ್ಲಿ ಹೇರಳವಾಗಿ ಸೊಪ್ಪು ತಿಂದು, ಹಣ್ಣಾಗಿ, ಚಂದ್ರಿಕೆಯನ್ನೇರಿ ಗೂಡು ಕಟ್ಟುತ್ತದೆ.

ಈ ಕ್ರಮವನ್ನು ಎರಡು ಹಾರ್ಮೋನುಗಳು ನಡೆಸುತ್ತವೆ. ಒಂದು ಎಕ್ಡೈಸೋನ್, ಇದು 'ಈಗ ಪೊರೆ ಬಿಡು' ಎಂಬ ಆಜ್ಞೆ. ಮತ್ತೊಂದು ಜುವೆನೈಲ್ ಹಾರ್ಮೋನು. ಇದು 'ಇನ್ನೂ ಹುಳುವಾಗಿಯೇ ಇರು' ಎಂಬ ಆಜ್ಞೆ. ಎರಡೂ ಇದ್ದಾಗ ಹುಳು ಪೊರೆ ಬಿಟ್ಟು ಮತ್ತೆ ಹುಳುವಾಗಿಯೇ ಮುಂದುವರಿಯುತ್ತದೆ. ಕೊನೆಯ ಹಂತದಲ್ಲಿ ಜುವೆನೈಲ್ ಹಾರ್ಮೋನು ಇಳಿದುಹೋದ ಮೇಲೆ ಎಕ್ಡೈಸೋನ್ ಏರಿದಾಗ ಗೂಡು ಕಟ್ಟಿ ಕೋಶವಾಗುತ್ತದೆ. ಹಾರ್ಮೋನುಗಳನ್ನು ತಯಾರಿಸುವ ಹಾಗೂ ಅವುಗಳ ಮಾತನ್ನು ಕೇಳುವ ವಂಶವಾಹಿಗಳಲ್ಲಿ ವ್ಯತ್ಯಾಸವಾದರೆ ಇಡೀ ವೇಳಾಪಟ್ಟಿಯೇ ಏರುಪೇರಾಗುತ್ತದೆ.

ಆನುವಂಶಿಕ ವಿಜ್ಞಾನದಲ್ಲಿ ರೇಷ್ಮೆ ಹುಳುವಿನ ಸ್ಥಾನ

ಬಟಾಣಿ ಗಿಡಗಳ ಮೇಲೆ ಮೆಂಡೆಲ್ ಕಂಡುಕೊಂಡ ನಿಯಮಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದವು. ಕೆಲವೇ ವರ್ಷಗಳಲ್ಲಿ, 1906ರ ವೇಳೆಗೆ, ಜಪಾನಿನ ತೊಯಾಮಾ ಕಮೆತಾರೊ ಅವರು ಅದೇ ನಿಯಮಗಳು ರೇಷ್ಮೆ ಹುಳುವಿಗೂ ಅನ್ವಯಿಸುತ್ತವೆ ಎಂಬುದನ್ನು ತೋರಿಸಿಕೊಟ್ಟರು. ಪ್ರಾಣಿಗಳಲ್ಲಿ ಈ ನಿಯಮಗಳನ್ನು ದೃಢಪಡಿಸಿದ ಮೊದಲ ಅಧ್ಯಯನಗಳಲ್ಲಿ ಅದೂ ಒಂದು. ಎರಡು ತಳಿಗಳ ಮೊದಲ ಪೀಳಿಗೆಯ ಸಂಕರವು ತಂದೆ-ತಾಯಿಗಳಿಗಿಂತ ದೃಢವಾಗಿರುತ್ತದೆ ಎಂಬ ಅವರ ಸಲಹೆಯಿಂದ ಜಪಾನಿನ ರೇಷ್ಮೆ ಉದ್ಯಮದ ದಿಕ್ಕೇ ಬದಲಾಯಿತು.

ರೇಷ್ಮೆ ಹುಳುವಿಗೆ 28 ಜೊತೆ ವರ್ಣತಂತುಗಳಿವೆ. ಮಾನವನಲ್ಲಿ ಗಂಡಿಗೆ ಎರಡು ಭಿನ್ನ ಲಿಂಗ ವರ್ಣತಂತುಗಳಿದ್ದರೆ ರೇಷ್ಮೆ ಹುಳುವಿನಲ್ಲಿ ಹೆಣ್ಣಿಗೆ ಅವು ಭಿನ್ನವಾಗಿರುತ್ತವೆ. ಚೀನಾ ಮತ್ತು ಜಪಾನಿನ ತಂಡಗಳು 2004ರಲ್ಲಿ ಇದರ ಜೀನೋಮಿನ ಕರಡು ನಕ್ಷೆಯನ್ನು ಪ್ರಕಟಿಸಿದವು. ನಾನೂರಕ್ಕೂ ಹೆಚ್ಚು ಉತ್ಪರಿವರ್ತನೆಗಳು ಇದರಲ್ಲಿ ದಾಖಲಾಗಿದ್ದು, ಜಪಾನಿನ ಕ್ಯುಶು ವಿಶ್ವವಿದ್ಯಾಲಯವು ಅವುಗಳ ದೊಡ್ಡ ಸಂಗ್ರಹವನ್ನು ಜೀವಂತವಾಗಿ ಕಾಪಾಡಿಕೊಂಡು ಬಂದಿದೆ. ನಮ್ಮ ಗಡಿಗೆ ಹೊಂದಿಕೊಂಡಿರುವ ಹೊಸೂರಿನಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ತಳಿ ಸಂಪನ್ಮೂಲ ಕೇಂದ್ರವಿದೆ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ, ಬೆಂಗಳೂರು ಬಳಿಯ ಕೊಡತಿಯ ರೇಷ್ಮೆ ಜೈವಿಕ ತಂತ್ರಜ್ಞಾನ ಪ್ರಯೋಗಾಲಯ ಹಾಗೂ ತಲಘಟ್ಟಪುರದ ರಾಜ್ಯ ಸಂಸ್ಥೆ ಇದೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿವೆ. ಮೈಸೂರಿನ ಸಂಸ್ಥೆಯಲ್ಲಿ ವೃತ್ತಿ ಆರಂಭಿಸಿ ಮುಂದೆ ಹೈದರಾಬಾದಿನಲ್ಲಿ ಸಂಶೋಧನೆ ನಡೆಸಿದ ಡಾ. ಜೆ. ನಾಗರಾಜು ಅವರು ಭಾರತೀಯ ತಳಿಗಳನ್ನು ಡಿಎನ್‌ಎ ಗುರುತುಗಳಿಂದ ಪ್ರತ್ಯೇಕಿಸುವ ಕಾರ್ಯಕ್ಕೆ ಹೆಸರಾದವರು.

ಕಾಲುಗಳ ಸಂಖ್ಯೆ ತಪ್ಪಿದಾಗ

ಹುಳುವಿನ ದೇಹದ ಯಾವ ಖಂಡದಲ್ಲಿ ಯಾವ ಅಂಗ ಮೂಡಬೇಕೆಂಬುದನ್ನು ಹಾಕ್ಸ್ ಎಂಬ ವಂಶವಾಹಿಗಳ ಗುಂಪು ನಿರ್ಧರಿಸುತ್ತದೆ. ರೇಷ್ಮೆ ಹುಳುವಿನಲ್ಲಿ ಇವು 6ನೆಯ ವರ್ಣತಂತುವಿನಲ್ಲಿವೆ. ಇಲ್ಲಿನ 'ಇ' ಸಮೂಹದ ಉತ್ಪರಿವರ್ತನೆಗಳಿರುವ ಹುಳುಗಳ ಬೆನ್ನಿನ ಮೇಲೆ ಇರಬಾರದ ಖಂಡಗಳಲ್ಲೂ ಅರ್ಧಚಂದ್ರದ ಗುರುತುಗಳು ಮೂಡುತ್ತವೆ. ಕೆಲವು ಬಗೆಗಳಲ್ಲಿ ಹೊಟ್ಟೆಯ ಭಾಗದಲ್ಲಿ ಹೆಚ್ಚುವರಿ ಕಾಲುಗಳು ಬೆಳೆಯುತ್ತವೆ. ಜಪಾನಿನ ಸಂಶೋಧಕರು 1990ರ ದಶಕದಲ್ಲಿ ಇದರ ಮೂಲವನ್ನು ಪತ್ತೆಹಚ್ಚಿದರು. ಇ-ಎನ್ ಎಂಬ ಬಗೆಯಲ್ಲಿ ಎರಡು ಹಾಕ್ಸ್ ವಂಶವಾಹಿಗಳೇ ಕಳೆದುಹೋಗಿರುತ್ತವೆ.

ವ್ಯಾಪಾರದ ದೃಷ್ಟಿಯಿಂದ ಇದರ ಪಾಠ ಹೀಗಿದೆ. ಈ ದೋಷದ ಒಂದೇ ಪ್ರತಿಯನ್ನು ಹೊತ್ತ ಹುಳು ಬದುಕುತ್ತದೆ, ಗುರುತು ಮಾತ್ರ ಬೇರೆಯಾಗಿರುತ್ತದೆ. ಎರಡೂ ಪ್ರತಿಗಳು ದೋಷಪೂರಿತವಾಗಿದ್ದರೆ ಭ್ರೂಣವು ಮೊಟ್ಟೆಯಲ್ಲೇ ಸಾಯುತ್ತದೆ. ಇಂತಹ ಎರಡು ಚಿಟ್ಟೆಗಳನ್ನು ಜೊತೆಗೂಡಿಸಿದರೆ ಮೆಂಡೆಲನ ಲೆಕ್ಕದಂತೆ ಮೊಟ್ಟೆಗಳಲ್ಲಿ ನಾಲ್ಕನೆಯ ಒಂದು ಭಾಗ ಒಡೆಯುವುದೇ ಇಲ್ಲ. ಒಂದು ಚಿಟ್ಟೆ 400 ಮೊಟ್ಟೆ ಇಟ್ಟರೆ ಸುಮಾರು 100 ನಷ್ಟ. ರೋಗವಿಲ್ಲ, ಸೊಪ್ಪಿನ ದೋಷವಿಲ್ಲ, ಸಾಕಣೆಯ ತಪ್ಪಿಲ್ಲ. ಆದರೂ ಕಾಲುಭಾಗ ಹೋಯಿತು. ಬಿತ್ತನೆ ಕೋಠಿಗಳು ಮೂಲ ತಳಿಗಳ ಒಂದೊಂದು ಚಿಟ್ಟೆಯ ಮೊಟ್ಟೆಯನ್ನೂ ಬೇರೆಬೇರೆಯಾಗಿ ಇಟ್ಟು, ಒಡೆಯುವ ಪ್ರಮಾಣವನ್ನು ಬರೆದಿಡುವುದರ ಹಿಂದೆ ಇಂತಹ ಕಾರಣಗಳೂ ಇವೆ.

ಜ್ವರಗಳ ಲೆಕ್ಕ ಮತ್ತು ಎಳೆಯ ದಪ್ಪ

ಜ್ವರಗಳ ಸಂಖ್ಯೆಯನ್ನು ನಿಯಂತ್ರಿಸುವ 'ಎಂ' ಎಂಬ ಸ್ಥಾನವೂ 6ನೆಯ ವರ್ಣತಂತುವಿನಲ್ಲೇ ಇದೆ. ಮೂರು, ನಾಲ್ಕು ಅಥವಾ ಐದು ಜ್ವರಗಳ ಹುಳುಗಳು ಇದರ ಭೇದಗಳಿಂದ ಹುಟ್ಟುತ್ತವೆ. ಮೂರು ಜ್ವರದ ಗುಣವು ನಾಲ್ಕರ ಮೇಲೆ, ನಾಲ್ಕು ಐದರ ಮೇಲೆ ಪ್ರಬಲವಾಗಿರುತ್ತದೆ. ಅಂಗರಚನೆಯನ್ನು ನಿರ್ಧರಿಸುವ ಹಾಕ್ಸ್ ಗುಂಪಿನ ಒಂದು ವಂಶವಾಹಿಯೇ ಜ್ವರಗಳ ಸಂಖ್ಯೆಯನ್ನೂ ನಿಯಂತ್ರಿಸುತ್ತದೆ ಎಂಬುದು ಇತ್ತೀಚಿನ ಸಂಶೋಧನೆಯಿಂದ ತಿಳಿದುಬಂದಿದೆ. ಮೂರು ಜ್ವರದ ಹುಳು ಚಿಕ್ಕದು, ಅದರ ಗೂಡೂ ಚಿಕ್ಕದು, ಎಳೆ ತೆಳು. ಐದು ಜ್ವರದ ಹುಳು ದೊಡ್ಡದು, ಆದರೆ ಸಾಕಣೆಯ ದಿನಗಳೂ ಸೊಪ್ಪಿನ ಖರ್ಚೂ ಹೆಚ್ಚು.

ಇದಕ್ಕಿಂತ ತೀವ್ರವಾದದ್ದು 'ಮೋಡ್' ಎಂಬ ಉತ್ಪರಿವರ್ತನೆ. ಇದಿರುವ ಹುಳು ಎರಡು ಇಲ್ಲವೆ ಮೂರು ಜ್ವರಗಳಲ್ಲೇ ಮುಗಿಸಿ ಪುಟಾಣಿ ಗೂಡು ಕಟ್ಟಿಬಿಡುತ್ತದೆ. ಜುವೆನೈಲ್ ಹಾರ್ಮೋನಿನ ತಯಾರಿಕೆಗೆ ಬೇಕಾದ ಒಂದು ಕಿಣ್ವದ ವಂಶವಾಹಿ ಕೆಟ್ಟಿರುವುದೇ ಇದಕ್ಕೆ ಕಾರಣವೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇದಕ್ಕೆ ವಿರುದ್ಧವಾದ ಉದಾಹರಣೆ 'ಎನ್‌ಎಂ-ಜಿ'. ಇಲ್ಲಿ ಎಕ್ಡೈಸೋನಿನ ತಯಾರಿಕೆಯೇ ಕುಂಠಿತವಾಗಿ ಹುಳು ಮೊದಲ ಜ್ವರವನ್ನೇ ದಾಟಲಾರದೆ ಸಾಯುತ್ತದೆ.

ಪ್ರಕೃತಿಯ ಈ ತಪ್ಪುಗಳಿಂದ ಕಲಿತ ಪಾಠವನ್ನು ಉದ್ಯಮವು ಲಾಭಕ್ಕೂ ಬಳಸಿಕೊಂಡಿದೆ. ಜುವೆನೈಲ್ ಹಾರ್ಮೋನನ್ನು ತಡೆಯುವ ರಾಸಾಯನಿಕಗಳಿಂದ ನಾಲ್ಕು ಜ್ವರದ ಹುಳುವನ್ನು ಮೂರು ಜ್ವರಕ್ಕೇ ನಿಲ್ಲಿಸಿ, ಅತಿ ತೆಳುವಾದ ಎಳೆಯ ನೂಲನ್ನು ಜಪಾನಿನಲ್ಲಿ ತಯಾರಿಸಲಾಯಿತು. ಮೈಸೂರಿನ ಸಂಸ್ಥೆಯು ಹುಳುಗಳು ಒಮ್ಮೆಗೇ ಹಣ್ಣಾಗುವಂತೆ ಮಾಡಲು ಸಸ್ಯಮೂಲದ ಎಕ್ಡೈಸೋನ್ ಮಾದರಿಯ 'ಸಂಪೂರ್ಣ' ಎಂಬ ಉತ್ಪನ್ನವನ್ನು ರೂಪಿಸಿತು. ಎಲ್ಲ ಹುಳುಗಳೂ ಒಟ್ಟಿಗೆ ಚಂದ್ರಿಕೆಯೇರಿದರೆ ರೈತನಿಗೆ ಆಳಿನ ಖರ್ಚು ಉಳಿಯುತ್ತದೆ, ಬಿಚ್ಚುವವನಿಗೆ ಒಂದೇ ಹದದ ಗೂಡು ಸಿಗುತ್ತದೆ.

ಗೂಡೇ ಕಟ್ಟದ ಹುಳು

ರೇಷ್ಮೆಯ ಎಳೆಯಲ್ಲಿ ಎರಡು ಮುಖ್ಯ ಪದಾರ್ಥಗಳಿವೆ: ಒಳಗಿನ ಗಟ್ಟಿ ಎಳೆಯಾದ ಫೈಬ್ರೋಯಿನ್ ಮತ್ತು ಹೊರಗಿನ ಅಂಟಾದ ಸೆರಿಸಿನ್. ಫೈಬ್ರೋಯಿನ್ ರಚನೆಯಾಗಲು ಒಂದು ದೊಡ್ಡ ಸರಪಳಿ, ಒಂದು ಚಿಕ್ಕ ಸರಪಳಿ ಹಾಗೂ ಒಂದು ಸಹಾಯಕ ಪ್ರೋಟೀನು ಸರಿಯಾದ ಪ್ರಮಾಣದಲ್ಲಿ ಜೋಡಣೆಯಾಗಬೇಕು. 25ನೆಯ ವರ್ಣತಂತುವಿನಲ್ಲಿರುವ ದೊಡ್ಡ ಸರಪಳಿಯ ವಂಶವಾಹಿಯಾಗಲಿ, 14ನೆಯದರಲ್ಲಿರುವ ಚಿಕ್ಕ ಸರಪಳಿಯದಾಗಲಿ ಕೆಟ್ಟರೆ ಎಳೆ ಹೊರಬರುವುದಿಲ್ಲ. ಹುಳು ಆರೋಗ್ಯವಾಗಿ ಬೆಳೆದು, ಹಣ್ಣಾಗಿ, ಬರಿಯ ಮೈಯ ಕೋಶವಾಗುತ್ತದೆ ಅಥವಾ ಬಹುಪಾಲು ಸೆರಿಸಿನ್ ಇರುವ ತೆಳು ಪೊರೆಯನ್ನಷ್ಟೇ ಕಟ್ಟುತ್ತದೆ. ಇವನ್ನು ನಗ್ನ ಕೋಶದ ಉತ್ಪರಿವರ್ತನೆಗಳು ಎನ್ನುತ್ತಾರೆ.

ಅನುಪಯುಕ್ತವೆನಿಸುವ ಇದರಿಂದಲೂ ಉದ್ಯಮ ಹುಟ್ಟಿದೆ. ಜಪಾನಿನಲ್ಲಿ ಈ ಗುಣವನ್ನೇ ಬಳಸಿ 'ಸೆರಿಸಿನ್ ಹೋಪ್' ಎಂಬ ತಳಿಯನ್ನು ರೂಪಿಸಿ, ಶುದ್ಧ ಸೆರಿಸಿನನ್ನು ಪಡೆಯುವ ಮಾರ್ಗವನ್ನು ತೆರೆಯಲಾಯಿತು. ನಮ್ಮಲ್ಲಿ ನೂಲನ್ನು ಬೇಯಿಸಿ ಅಂಟು ತೆಗೆಯುವಾಗ ನೀರಿನೊಂದಿಗೆ ಹರಿದುಹೋಗುವ ಪದಾರ್ಥವೂ ಸೆರಿಸಿನ್ನೇ ಎಂಬುದನ್ನು ಸಣ್ಣ ಉದ್ದಿಮೆದಾರರು ಗಮನಿಸುವುದು ಒಳಿತು. ಪ್ರಸಾಧನ ಸಾಮಗ್ರಿಗಳ ತಯಾರಿಕೆಯಲ್ಲಿ ಅದಕ್ಕೆ ಬೆಲೆಯಿದೆ.

ಬಣ್ಣ, ಲಿಂಗ ಮತ್ತು ಸುಪ್ತಾವಸ್ಥೆ

ಮೈಸೂರು ತಳಿಯ ಗೂಡು ಹಸಿರು ಮಿಶ್ರಿತ ಹಳದಿ, ದ್ವಿತಳಿಯದು ಬಿಳಿ. ಸೊಪ್ಪಿನಲ್ಲಿರುವ ಹಳದಿ ವರ್ಣದ್ರವ್ಯವನ್ನು ಕರುಳಿನಿಂದ ರಕ್ತಕ್ಕೂ ರಕ್ತದಿಂದ ರೇಷ್ಮೆ ಗ್ರಂಥಿಗೂ ಸಾಗಿಸುವ ಪ್ರೋಟೀನುಗಳಿದ್ದರೆ ಗೂಡು ಹಳದಿಯಾಗುತ್ತದೆ. ರಕ್ತವನ್ನು ಹಳದಿಯಾಗಿಸುವ 'ವೈ' ವಂಶವಾಹಿಯ ಸ್ವರೂಪ 2007ರಲ್ಲಿ ಪತ್ತೆಯಾಯಿತು. ಹಳದಿ ಗುಣ ಪ್ರಬಲವಾದ್ದರಿಂದ ನಮ್ಮ ಮಿಶ್ರತಳಿಯ ಗೂಡು ಹಳದಿ ಛಾಯೆಯದಾಗಿರುತ್ತದೆ.

ಹೆಣ್ಣಿಗಿಂತ ಗಂಡು ಹುಳು ತಿಂದ ಸೊಪ್ಪಿಗೆ ಹೆಚ್ಚು ರೇಷ್ಮೆ ಕೊಡುತ್ತದೆ. ಬಿತ್ತನೆ ಕೋಠಿಯಲ್ಲಿ ಸಂಕರ ಮಾಡಲು ಗಂಡು-ಹೆಣ್ಣುಗಳನ್ನು ಬೇರ್ಪಡಿಸುವುದೂ ಅನಿವಾರ್ಯ. ಜಪಾನಿನಲ್ಲಿ ತಜಿಮಾ ಅವರು ಕ್ಷಕಿರಣಗಳ ನೆರವಿನಿಂದ ಮೈಯ ಗುರುತಿನ ವಂಶವಾಹಿಯಿರುವ 2ನೆಯ ವರ್ಣತಂತುವಿನ ತುಣುಕನ್ನು ಹೆಣ್ಣಿನ ಲಿಂಗ ವರ್ಣತಂತುವಿಗೆ ಸೇರಿಸಿ, ಹೆಣ್ಣು ಹುಳು ಮಾತ್ರ ಗುರುತು ಹೊಂದಿರುವ ತಳಿಯನ್ನು ರೂಪಿಸಿದರು. ಇಂತಹ ತಳಿಗಳಲ್ಲಿ ಕಣ್ಣಿನಿಂದ ನೋಡಿಯೇ ಲಿಂಗವನ್ನು ಬೇರ್ಪಡಿಸಬಹುದು.

ಮೊಟ್ಟೆ ಸುಪ್ತಾವಸ್ಥೆಗೆ ಹೋಗುವುದೋ ಇಲ್ಲವೋ ಎಂಬುದು ತಾಯಿಯಿಂದ ನಿರ್ಧಾರವಾಗುತ್ತದೆ. ತಾಯಿಯ ಹಾರ್ಮೋನು ಅಂಡಾಶಯದ ಮೇಲೆ ಪರಿಣಾಮ ಬೀರುತ್ತದೆ. ಆದ್ದರಿಂದಲೇ ಕರ್ನಾಟಕದ ಮಿಶ್ರತಳಿಯಲ್ಲಿ ಮೈಸೂರು ತಳಿಯನ್ನು ತಾಯಿಯಾಗಿಯೂ ದ್ವಿತಳಿಯನ್ನು ತಂದೆಯಾಗಿಯೂ ಬಳಸುತ್ತಾರೆ. ಇಂತಹ ಮೊಟ್ಟೆ ಸುಮಾರು ಹತ್ತು ದಿನಗಳಲ್ಲಿ ತಾನಾಗಿ ಒಡೆಯುತ್ತದೆ. ತಾಯಿ ದ್ವಿತಳಿಯಾಗಿದ್ದರೆ ಮೊಟ್ಟೆಗೆ ಆಮ್ಲೋಪಚಾರವನ್ನೋ ಶೀತಲೀಕರಣವನ್ನೋ ಮಾಡಬೇಕು.

ಮಿಶ್ರತಳಿಯ ಗೂಡಿನಿಂದ ಬಿತ್ತನೆ ಮಾಡಬಾರದೇಕೆ?

'ಇಷ್ಟು ಚೆನ್ನಾದ ಗೂಡು ಬಂದಿದೆ, ಇದರಲ್ಲೇ ಕೆಲವನ್ನು ಉಳಿಸಿಕೊಂಡು ಚಿಟ್ಟೆ ಬಿಡಿಸಿ ಮೊಟ್ಟೆ ಮಾಡಿಕೊಂಡರೆ ಬಿತ್ತನೆಯ ಹಣ ಉಳಿಯುವುದಲ್ಲವೆ' ಎಂಬುದು ಹಣ ಹಾಕುವವರಿಗೆ ಸಹಜವಾಗಿ ತೋಚುವ ಆಲೋಚನೆ. ಇದರಲ್ಲಿನ ಅಪಾಯ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಮೊದಲ ಪೀಳಿಗೆಯ ಮಿಶ್ರತಳಿಯಲ್ಲಿ ಪ್ರತಿ ಹುಳುವೂ ತಾಯಿಯಿಂದ ಒಂದು, ತಂದೆಯಿಂದ ಒಂದು ಪ್ರತಿಯನ್ನು ಪಡೆದಿರುತ್ತದೆ. ಆದ್ದರಿಂದ ಎಲ್ಲವೂ ಒಂದೇ ಸಮ. ಒಂದು ಕಡೆಯ ಪ್ರತಿ ದುರ್ಬಲ ಅಥವಾ ದೋಷಪೂರಿತವಾಗಿದ್ದರೂ ಇನ್ನೊಂದು ಕಡೆಯದು ಅದನ್ನು ಮುಚ್ಚಿಹಾಕುತ್ತದೆ. ಸಂಕರದ ಬಲದ ರಹಸ್ಯಗಳಲ್ಲಿ ಇದೂ ಒಂದು. ಆದರೆ ಈ ಹುಳುಗಳನ್ನೇ ಪರಸ್ಪರ ಕೂಡಿಸಿದರೆ ಪ್ರತಿ ವಂಶವಾಹಿಯಲ್ಲೂ ಮರಿಗಳ ಅರ್ಧದಷ್ಟು ಮಾತ್ರ ಮಿಶ್ರವಾಗಿ ಉಳಿಯುತ್ತವೆ. ಕಾಲುಭಾಗ ತಾಯಿ ತಳಿಯ ಕಡೆಗೆ, ಕಾಲುಭಾಗ ತಂದೆ ತಳಿಯ ಕಡೆಗೆ ಹೊರಳುತ್ತವೆ. ಪರಸ್ಪರ ಸ್ವತಂತ್ರವಾದ ಹತ್ತು ವಂಶವಾಹಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಹತ್ತರಲ್ಲೂ ಮೊದಲ ಪೀಳಿಗೆಯಂತೆಯೇ ಇರುವ ಹುಳು 1024ರಲ್ಲಿ ಒಂದು ಮಾತ್ರ. ವಾಸ್ತವದಲ್ಲಿ ಗೂಡಿನ ತೂಕ, ಎಳೆಯ ಉದ್ದ, ಬೆಳವಣಿಗೆಯ ವೇಗ, ರೋಗ ತಡೆಯುವ ಶಕ್ತಿ ಇವುಗಳ ಹಿಂದೆ ಹತ್ತಕ್ಕಿಂತ ಎಷ್ಟೋ ಹೆಚ್ಚು ವಂಶವಾಹಿಗಳಿವೆ.

ಪರಿಣಾಮವಾಗಿ ಒಂದೇ ತಟ್ಟೆಯಲ್ಲಿ ಕೆಲವು ಹುಳು ಜ್ವರದಲ್ಲಿದ್ದರೆ ಕೆಲವು ತಿನ್ನುತ್ತಿರುತ್ತವೆ. ಹಳದಿ-ಬಿಳಿ ಗೂಡುಗಳು ಬೆರೆಯುತ್ತವೆ. ಮೊಟ್ಟೆ ಒಡೆಯುವುದೂ ಅನಿಶ್ಚಿತವಾಗುತ್ತದೆ. ಅಡಗಿದ್ದ ದುರ್ಬಲ ಉತ್ಪರಿವರ್ತನೆಗಳು ಎರಡು ಪ್ರತಿಗಳಾಗಿ ಕೂಡಿ ಹೊರಬೀಳುವುದೂ ಇಂತಹ ಪೀಳಿಗೆಗಳಲ್ಲೇ. ಇಂತಹ ಗೂಡನ್ನು ಬಿಚ್ಚಿದರೆ ಎಳೆ ಪದೇಪದೇ ಹರಿದು ನೂಲಿನ ಸಮತೆ ಕೆಡುತ್ತದೆ. ಒಂದು ಕಿಲೋ ನೂಲಿಗೆ 7 ಕಿಲೋ ಗೂಡು ಬೇಕಾದಲ್ಲಿ 8 ಕಿಲೋ ಬೇಕಾಯಿತೆನ್ನೋಣ. ನೂರು ಕಿಲೋ ನೂಲಿಗೆ ನೂರು ಕಿಲೋ ಗೂಡು ಹೆಚ್ಚುವರಿಯಾಗಿ ಹೋಯಿತು. ಮೊಟ್ಟೆಯಲ್ಲಿ ಉಳಿಸಿದ ಹಣ ಇದರ ಮುಂದೆ ಅತ್ಯಲ್ಪ.

ಹಾಗಾದರೆ ದ್ವಿತಳಿಯ ಎಫ್‌ಸಿ1 × ಎಫ್‌ಸಿ2 ಎಂಬ ಜೋಡಿ ಸಂಕರದಲ್ಲಿ ತಂದೆ-ತಾಯಿಗಳೂ ಸಂಕರಗಳೇ ಅಲ್ಲವೆ ಎಂಬ ಪ್ರಶ್ನೆ ಏಳಬಹುದು. ಅಲ್ಲಿ ಸಿಎಸ್‌ಆರ್6 ಮತ್ತು ಸಿಎಸ್‌ಆರ್26 ಒಂದು ಕಡೆ, ಸಿಎಸ್‌ಆರ್2 ಮತ್ತು ಸಿಎಸ್‌ಆರ್27 ಇನ್ನೊಂದು ಕಡೆ ಇವೆ. ಒಂದೊಂದು ಜೋಡಿಯೊಳಗಿನ ತಳಿಗಳು ಗೂಡಿನ ಆಕಾರದಲ್ಲೂ ಗುಣದಲ್ಲೂ ಒಂದನ್ನೊಂದು ಹೋಲುತ್ತವೆ. ಆದ್ದರಿಂದ ಬಿತ್ತನೆ ಹುಳು ದೃಢವಾಗುತ್ತದೆ, ಆದರೆ ರೈತನ ಬೆಳೆಯಲ್ಲಿ ಏರುಪೇರು ಹೆಚ್ಚಾಗುವುದಿಲ್ಲ. ಇದು ಯೋಜಿತ ಸಂಕರ. ಮನೆಯಲ್ಲಿ ಉಳಿಸಿಕೊಂಡ ಗೂಡಿನದು ಯೋಜನೆಯಿಲ್ಲದ್ದು.

ಇದರಲ್ಲಿ ಕಾನೂನಿನ ಅಂಶವೂ ಇದೆ. 1959ರ ಕರ್ನಾಟಕದ ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲು ನಿಯಂತ್ರಣ ಕಾಯ್ದೆ ಹಾಗೂ 2006ರಲ್ಲಿ ತಿದ್ದುಪಡಿಯಾದ ಕೇಂದ್ರ ರೇಷ್ಮೆ ಮಂಡಳಿ ಕಾಯ್ದೆಗಳು ಬಿತ್ತನೆ ಮೊಟ್ಟೆಯ ಉತ್ಪಾದನೆ ಮತ್ತು ಮಾರಾಟವನ್ನು ನಿಯಂತ್ರಣಕ್ಕೆ ಒಳಪಡಿಸಿವೆ.

ದೋಷ ಯಾರದು? ತಿಳಿಯುವ ಬಗೆ

ಬೆಳೆ ಕೆಟ್ಟಾಗ ಮೊಟ್ಟೆ ಕೊಟ್ಟವರು ಸಾಕಿದವರನ್ನೂ, ಸಾಕಿದವರು ಮೊಟ್ಟೆ ಕೊಟ್ಟವರನ್ನೂ ದೂರುವುದು ಸಾಮಾನ್ಯ. ಹುಳು ಗೂಡು ಕಟ್ಟದಿರುವುದಕ್ಕೆ ವಂಶವಾಹಿಯೊಂದೇ ಕಾರಣವಲ್ಲ. ಜುವೆನೈಲ್ ಹಾರ್ಮೋನನ್ನು ಅನುಕರಿಸುವ ಕೀಟನಾಶಕಗಳ ಅತ್ಯಲ್ಪ ಅಂಶ ಸೊಪ್ಪಿನ ಮೇಲೆ ಬಿದ್ದರೂ ಹುಳು ಹಣ್ಣಾಗದೆ ತಿನ್ನುತ್ತಲೇ ಉಳಿಯುತ್ತದೆ. ಉತ್ತರ ಇಟಲಿಯ ಹಣ್ಣಿನ ತೋಟಗಳಲ್ಲಿ ಫೆನಾಕ್ಸಿಕಾರ್ಬ್ ಎಂಬ ಇಂತಹ ಔಷಧಿಯ ಬಳಕೆಯಿಂದ ಅಲ್ಲಿನ ರೇಷ್ಮೆ ಕೃಷಿಗೆ ಭಾರಿ ಹೊಡೆತ ಬಿದ್ದಿತು.

ಕೆಲವು ಲಕ್ಷಣಗಳಿಂದ ಕಾರಣವನ್ನು ಊಹಿಸಬಹುದು. ಆನುವಂಶಿಕ ದೋಷವು ಕೆಲವೇ ಚಿಟ್ಟೆಗಳ ಮೊಟ್ಟೆಗಳಲ್ಲಿ, ಕಾಲುಭಾಗ ಅಥವಾ ಅರ್ಧದಂತಹ ನಿಶ್ಚಿತ ಪ್ರಮಾಣದಲ್ಲಿ ಕಾಣುತ್ತದೆ. ಅದೇ ಮೊಟ್ಟೆಯನ್ನು ಪಡೆದ ಬೇರೆ ಊರಿನ ಸಾಕಣೆಯಲ್ಲೂ ಅದೇ ಪ್ರಮಾಣ ಕಾಣುತ್ತದೆ. ಉಳಿದ ಹುಳುಗಳು ಪೂರ್ಣ ಆರೋಗ್ಯವಾಗಿರುತ್ತವೆ. ಸೊಪ್ಪಿನ ವಿಷವಾದರೆ ಬೇರೆಬೇರೆ ಮೂಲದ ಮೊಟ್ಟೆಗಳಾಗಿದ್ದರೂ ಅದೇ ತೋಟದ ಸೊಪ್ಪು ತಿಂದ ಎಲ್ಲ ಹುಳುಗಳೂ ತೊಂದರೆಗೊಳಗಾಗುತ್ತವೆ. ಹಾಲುತೊಂಡೆಯಂತಹ ರೋಗವಾದರೆ ದಿನದಿಂದ ದಿನಕ್ಕೆ ಹರಡುತ್ತದೆ. ಗಂಟುರೋಗವನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಬಹುದು. ಆದ್ದರಿಂದ ಮೊಟ್ಟೆಯ ತಂಡದ ಸಂಖ್ಯೆ, ಒಡೆದ ಪ್ರಮಾಣ, ಸೊಪ್ಪಿನ ತೋಟ, ಪ್ರತಿ ಜ್ವರದ ದಿನಾಂಕ ಇಷ್ಟನ್ನು ಬರೆದಿಟ್ಟ ಸಾಕಣೆದಾರನ ದೂರಿಗೆ ತೂಕವಿರುತ್ತದೆ. ದಾಖಲೆಯಿಲ್ಲದ ದೂರನ್ನು ಯಾವ ತಜ್ಞರೂ ಬಗೆಹರಿಸಲಾರರು.

ವರ್ತಕರಿಗೆ ಸೂಚನೆ

ರೋಗನಿರೋಧದ ವಿಷಯದಲ್ಲಿ ಉತ್ಪರಿವರ್ತನೆಗಳೇ ವರವಾಗಿರುವುದೂ ಉಂಟು. ಕರುಳಿನ ಒಂದು ಪ್ರೋಟೀನಿನ ವಂಶವಾಹಿಯ ಭಾಗ ಕಳೆದುಹೋಗಿರುವ ಹುಳುಗಳಿಗೆ ಡೆನ್ಸೋ ವೈರಸ್ಸಿನ ಒಂದು ಬಗೆ ತಗಲುವುದಿಲ್ಲವೆಂದು 2008ರಲ್ಲಿ ತಿಳಿದುಬಂದಿತು. ಇಂತಹ ಗುಣಗಳನ್ನು ಹುಡುಕಿ ಉತ್ತಮ ತಳಿಗಳಿಗೆ ಸೇರಿಸುವುದು ತಳಿ ಸಂವರ್ಧಕರ ಕೆಲಸ. ಅವುಗಳ ಫಲವನ್ನು ಕೆಡಿಸದೆ ಮಾರುಕಟ್ಟೆಗೆ ತಲುಪಿಸುವುದು ಉದ್ಯಮಿಗಳ ಕೆಲಸ.

ಅವಳಿ ನಗರದ ನೂಲು ವ್ಯಾಪಾರಿಗಳು ಹಾಗೂ ಉತ್ತರ ಕರ್ನಾಟಕದಲ್ಲಿ ನೂಲು ಬಿಚ್ಚುವ ಘಟಕ ಸ್ಥಾಪಿಸಬಯಸುವ ಉದ್ದಿಮೆದಾರರು ಮೂರು ಅಂಶಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದಾಗಿ, ಗೂಡು ಕೊಳ್ಳುವಾಗ ತಳಿ ಮತ್ತು ಮೊಟ್ಟೆಯ ಮೂಲವನ್ನು ವಿಚಾರಿಸಿ ಬರೆದುಕೊಳ್ಳಬೇಕು. ಎರಡನೆಯದಾಗಿ, ಬಣ್ಣ ಮತ್ತು ಗಾತ್ರ ಬೆರೆತ ಗೂಡಿನ ರಾಶಿ ಅಗ್ಗವಾಗಿ ಸಿಕ್ಕರೂ ಅದು ಎರಡನೆಯ ಪೀಳಿಗೆಯದಿರಬಹುದೆಂದು ಶಂಕಿಸಿ, ಮಾದರಿಯನ್ನು ಬಿಚ್ಚಿ ನೋಡಿಯೇ ದರ ಕಟ್ಟಬೇಕು. ಮೂರನೆಯದಾಗಿ, ರೈತರಿಗೆ ಮುಂಗಡ ಕೊಡುವವರು ಅಧಿಕೃತ ಬಿತ್ತನೆ ಕೋಠಿಯ ಮೊಟ್ಟೆಯನ್ನೇ ಬಳಸಬೇಕೆಂಬ ಷರತ್ತನ್ನು ವಿಧಿಸುವುದು ಉಭಯರಿಗೂ ಕ್ಷೇಮ. ತಾಂತ್ರಿಕ ಸಂದೇಹಗಳಿಗೆ ರೇಷ್ಮೆ ಇಲಾಖೆಯ ಕಚೇರಿಗಳಲ್ಲದೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳನ್ನೂ ಸಂಪರ್ಕಿಸಬಹುದು. ಬಂಡವಾಳ ಹೂಡುವ ಮುನ್ನ ಯಂತ್ರದ ಗುಣಮಟ್ಟವನ್ನು ಪರೀಕ್ಷಿಸುವಷ್ಟೇ ಎಚ್ಚರಿಕೆಯಿಂದ ಮೊಟ್ಟೆಯ ಮೂಲವನ್ನೂ ಪರೀಕ್ಷಿಸುವುದು ಈ ಉದ್ಯಮದಲ್ಲಿ ಲಾಭದ ಮೊದಲ ಮೆಟ್ಟಿಲಾಗಿದೆ.